ಅರಳುಮರಳು ಎನ್ನುವ ಮುನ್ನ ಮಾತ್ರೆಯ ಚೀಲ ಬಿಚ್ಚಿ ನೋಡೋಣ

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ನಾಲಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುತ್ತದೆ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ ಮಾತನ್ನೇ ಮತ್ತೆ ಹೇಳಿದರೆ, ಹಗಲಿನಲ್ಲೇ ತೂಕಡಿಸಿದರೆ ನಾವು ಆ ಗಾದೆಯನ್ನು ಹೇಳಿ ಸುಮ್ಮನಾಗುತ್ತೇವೆ. ಗಾದೆ ಹೇಳಿದ ಮೇಲೆ ಕಾರಣ ಹುಡುಕಬೇಕಾಗಿಲ್ಲ ಎಂಬ ಸಮಾಧಾನ ನಮಗೆ. ಆದರೆ ಹಿರಿಯರ ಮರೆವಿಗೆ ಎಷ್ಟೋ ಸಲ ಕಾರಣವಾಗಿರುವುದು ಅವರ ವಯಸ್ಸಲ್ಲ, ಅವರ ದಿಂಬಿನ ಪಕ್ಕದಲ್ಲಿರುವ ಮಾತ್ರೆಗಳು. ಈ ಸಂಗತಿಯನ್ನು ಸದ್ಭಕ್ತರ ಮುಂದೆ ಇಡುವುದು ವೈದ್ಯನಾಗಿ ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ. ಕರ್ತವ್ಯದ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದರಲ್ಲಿದೆ.

ಕೆಲವು ವರ್ಷಗಳ ಹಿಂದೆ ಮಠದ ಅಂಗಳದಲ್ಲಿ ನಡೆದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಎಪ್ಪತ್ತನಾಲ್ಕು ವರ್ಷದ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಸೊಸೆ ಕರೆತಂದಿದ್ದರು. ನೂರಾರು ವಚನಗಳನ್ನು ಕಂಠಸ್ಥ ಮಾಡಿಕೊಂಡಿದ್ದ ಹಿರಿಯರು ಅವರು. ನಸುಕಿನಲ್ಲೆದ್ದು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂರುವುದು ಐವತ್ತು ವರ್ಷಗಳಿಂದ ತಪ್ಪದ ನೇಮ. ಈಗ ಪೂಜೆ ಮುಗಿಸಿದ ಅರ್ಧ ಗಂಟೆಯಲ್ಲೇ ಮತ್ತೆ ಪೂಜೆಗೆ ಕೂರುತ್ತಾರೆ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೇ ನಿದ್ರೆಗೆ ಜಾರುತ್ತಾರೆ, ಸಂಜೆಯಾದರೆ ಮೊಮ್ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಾರೆ ಎಂದು ಸೊಸೆ ಹೇಳಿಕೊಂಡರು. ‘ಇನ್ನು ಮುಂದೆ ಮಾವನವರನ್ನು ಒಬ್ಬರನ್ನೇ ಪೂಜೆಗೆ ಬಿಡುವುದು ಬೇಡ ಎಂದು ಮನೆಯಲ್ಲಿ ಮಾತಾಗಿದೆ ಸರ್’ ಎಂದಾಗ ಆ ಹಿರಿಯರು ತಲೆ ತಗ್ಗಿಸಿದರು. ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು.

ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಕೇಳಿದೆ. ಸೊಸೆ ಬಟ್ಟೆಯ ಚೀಲವೊಂದನ್ನು ಮೇಜಿನ ಮೇಲೆ ಸುರಿದರು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳ ಜೊತೆಗೆ ಅದರಲ್ಲಿ ಇನ್ನೂ ನಾಲ್ಕು ಬಗೆಯ ಮಾತ್ರೆಗಳಿದ್ದವು. ಪತ್ನಿ ಲಿಂಗೈಕ್ಯರಾದ ದಿನಗಳಲ್ಲಿ ನಿದ್ರೆ ಬಾರದೆಂದು ಆರಂಭಿಸಿ ನಾಲ್ಕು ವರ್ಷವಾದರೂ ನಿಲ್ಲಿಸದ ಆಲ್ಪ್ರಜೋಲಾಮ್. ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದಕ್ಕೆ ನಗರದ ತಜ್ಞರು ಕೊಟ್ಟ ಟೋಲ್ಟೆರೊಡಿನ್. ನೆಗಡಿಗೆಂದು ಔಷಧದಂಗಡಿಯಲ್ಲಿ ತಾವೇ ಕೇಳಿ ತಂದು ದಿನವೂ ನುಂಗುತ್ತಿದ್ದ ಕ್ಲೋರ್‌ಫೆನಿರಮಿನ್ ಇದ್ದ ಮಾತ್ರೆ. ನಾಲ್ಕನೆಯದು ಸಕ್ಕರೆ ಕಾಯಿಲೆಯಿಂದ ಬರುವ ಅಂಗಾಲಿನ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್. ಅದರ ಚೀಟಿಯ ಮೇಲಿದ್ದ ಕೈಬರಹ ನನ್ನದೇ. ಮೂರು ತಿಂಗಳಿಗೆಂದು ನಾನು ಬರೆದುಕೊಟ್ಟದ್ದು ಎರಡು ವರ್ಷ ನಡೆದಿತ್ತು. ಮೂರು ತಿಂಗಳ ನಂತರ ಕರೆಸಿ ನೋಡಬೇಕಾಗಿದ್ದವನು ನಾನು, ನೋಡಿರಲಿಲ್ಲ.

ನಾಲ್ಕೂ ಮಾತ್ರೆಗಳು ತಂತಮ್ಮ ಕೆಲಸಕ್ಕೆ ಸರಿಯಾದವೇ. ಆದರೆ ನಾಲ್ಕೂ ಒಂದೇ ಮಿದುಳಿಗೆ ಹೋಗುತ್ತವೆ ಎಂಬುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಉಮ್ಮತ್ತಿಯ ಗುಣ

ಈ ಮಾತ್ರೆಗಳು ಮಾಡುವ ಕೆಲಸವನ್ನು ತಿಳಿಯಲು ಶಿವನಿಗೆ ಏರಿಸುವ ಉಮ್ಮತ್ತಿಯ ಹೂವನ್ನು ನೆನೆಯಬಹುದು. ದತ್ತೂರಿ, ಮದ್ದುಗುಣಿಕೆ ಎಂದೂ ಕರೆಯುವ ಈ ಗಿಡದ ಬೀಜ ಹೊಟ್ಟೆಗೆ ಹೋದರೆ ಮನುಷ್ಯ ಭ್ರಮೆಗೊಳ್ಳುತ್ತಾನೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಉನ್ಮತ್ತ ಎಂಬ ಅದರ ಸಂಸ್ಕೃತ ಹೆಸರೇ ಈ ಗುಣವನ್ನು ಹೇಳುತ್ತದೆ. ಅದರಲ್ಲಿರುವ ಅಟ್ರೋಪಿನ್ ಮತ್ತು ಸ್ಕೋಪೊಲಮಿನ್ ಎಂಬ ದ್ರವ್ಯಗಳು ನರಗಳ ನಡುವೆ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಬಾಯಲ್ಲಿ ಜೊಲ್ಲು ಸುರಿಸುವುದು, ಕರುಳನ್ನು ಚಲಿಸುವುದು, ಮೂತ್ರಕೋಶವನ್ನು ಹಿಂಡುವುದು ಈ ಅಸಿಟೈಲ್‌ಕೋಲಿನ್. ಮಿದುಳಿನಲ್ಲಿ ಗಮನವನ್ನು ಹಿಡಿದಿಡುವುದಕ್ಕೂ ಹೊಸ ನೆನಪನ್ನು ದಾಖಲಿಸುವುದಕ್ಕೂ ಇದೇ ಬೇಕು.

ನಾವು ನಿತ್ಯ ಬಳಸುವ ಅನೇಕ ಔಷಧಗಳಿಗೆ ಉಮ್ಮತ್ತಿಯ ಈ ಗುಣ ಸ್ವಲ್ಪ ಪ್ರಮಾಣದಲ್ಲಿದೆ. ನೆಗಡಿ ಮತ್ತು ತುರಿಕೆಗೆ ಕೊಡುವ ಕ್ಲೋರ್‌ಫೆನಿರಮಿನ್, ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಹೈಡ್ರಾಕ್ಸಿಜಿನ್. ಹೊಟ್ಟೆ ಹಿಡಿತಕ್ಕೆ ಕೊಡುವ ಡೈಸೈಕ್ಲೊಮಿನ್. ಮೂತ್ರಕೋಶದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಟೋಲ್ಟೆರೊಡಿನ್. ನರಗಳ ನೋವಿಗೂ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಈ ಗುಂಪಿಗೆ ಸೇರಿವೆ. ಇವುಗಳಲ್ಲಿ ಒಂದನ್ನು ತೆಗೆದುಕೊಂಡಾಗ ಕಾಣದ ತೊಂದರೆ ಎರಡು ಮೂರು ಕೂಡಿದಾಗ ಎದ್ದು ಕಾಣುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟಿದಂತಾಗುವುದು, ಕಣ್ಣು ಮಂಜಾಗುವುದು ಇವುಗಳೊಡನೆ ಮರೆವೂ ಬಂದರೆ ಆ ಮರೆವಿನ ಮೂಲವನ್ನು ಮಾತ್ರೆಗಳಲ್ಲಿ ಹುಡುಕಬೇಕು.

ನಿದ್ರೆಯ ಮತ್ತು ಆತಂಕದ ಮಾತ್ರೆಗಳದು ಇನ್ನೊಂದು ದಾರಿ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಡೈಜೆಪಾಮ್, ಲೋರಜೆಪಾಮ್, ನೈಟ್ರಜೆಪಾಮ್ ಮತ್ತು ಜೋಲ್ಪಿಡೆಮ್ ಮಿದುಳಿನ ಚಟುವಟಿಕೆಯನ್ನೇ ತಗ್ಗಿಸುತ್ತವೆ. ಇವುಗಳ ಪ್ರಭಾವ ಇರುವವರೆಗೆ ಹೊಸ ನೆನಪು ಸರಿಯಾಗಿ ಮೂಡುವುದಿಲ್ಲ. ರಾತ್ರಿ ಮೂತ್ರಕ್ಕೆಂದು ಎದ್ದವರು ತೂರಾಡಿ ಬೀಳುವುದಕ್ಕೂ ಚಪ್ಪೆಯ ಮೂಳೆ ಮುರಿಯುವುದಕ್ಕೂ ಇವು ದಾರಿಮಾಡುತ್ತವೆ. ನೋವಿಗೆ ಕೊಡುವ ಟ್ರಮಡಾಲ್ ಕೂಡ ಹಿರಿಯರಲ್ಲಿ ಮಂಕು ಕವಿಸಬಲ್ಲದು.

ಯೌವನದಲ್ಲಿ ನಿರಪಾಯವಾಗಿದ್ದ ಮಾತ್ರೆ ಮುಪ್ಪಿನಲ್ಲಿ ಏಕೆ ಹೀಗೆ ಮಾಡುತ್ತದೆ? ವಯಸ್ಸಾದಂತೆ ಮೂತ್ರಪಿಂಡ ಮತ್ತು ಯಕೃತ್ತುಗಳು ಔಷಧವನ್ನು ಹೊರಹಾಕುವ ವೇಗ ತಗ್ಗುತ್ತದೆ. ದೇಹದಲ್ಲಿ ನೀರಿನ ಅಂಶ ಕಡಿಮೆಯಾಗಿ ಕೊಬ್ಬಿನ ಅಂಶ ಹೆಚ್ಚುವುದರಿಂದ ಡೈಜೆಪಾಮ್‌ನಂತಹ ಔಷಧ ದಿನಗಟ್ಟಲೆ ಒಳಗೇ ಉಳಿಯುತ್ತದೆ. ನಿನ್ನೆಯ ಮಾತ್ರೆ ಇಳಿಯುವ ಮೊದಲೇ ಇಂದಿನದು ಸೇರುತ್ತದೆ.

ಇದು ಹೊಸ ಶೋಧವೇನಲ್ಲ. ಅಮೆರಿಕದ ವೃದ್ಧವೈದ್ಯ ಮಾರ್ಕ್ ಬೀರ್ಸ್ ಅವರು 1991ರಲ್ಲೇ ಹಿರಿಯರಿಗೆ ಕೊಡದಿರುವುದು ಲೇಸೆನಿಸುವ ಔಷಧಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುತ್ತಿದೆ, 2023ರಲ್ಲಿಯೂ ಪರಿಷ್ಕರಿಸಲಾಯಿತು. ಮೇಲೆ ಹೇಳಿದ ಮಾತ್ರೆಗಳಲ್ಲಿ ಹೆಚ್ಚಿನವು ಅದರಲ್ಲಿವೆ. ಸಿಯಾಟಲ್ ನಗರದ ಸಂಶೋಧಕರು 65 ದಾಟಿದ 3,434 ಮಂದಿಯನ್ನು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಮ್ಮತ್ತಿಯ ಗುಣದ ಔಷಧಗಳನ್ನು ಅತಿ ಹೆಚ್ಚು ಕಾಲ ಸೇವಿಸಿದವರಲ್ಲಿ ಬುದ್ಧಿಮಾಂದ್ಯದ ಕಾಯಿಲೆಯಾದ ಡಿಮೆನ್ಷಿಯಾ ಹೆಚ್ಚಾಗಿ ಕಂಡುಬಂದಿತು. ಔಷಧವೇ ಆ ಕಾಯಿಲೆಗೆ ಕಾರಣವೆಂದು ಇಂತಹ ಅಧ್ಯಯನದಿಂದ ಸಿದ್ಧವಾಗುವುದಿಲ್ಲ. ಆದರೆ ಎಚ್ಚರಕ್ಕೆ ಇಷ್ಟು ಸಾಕು.

ಮಾತ್ರೆಗೊಂದು ಮಾತ್ರೆ

ನನಗೆ ಅತ್ಯಂತ ಕಳವಳ ತರುವುದು ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಬರೆಯುವ ಪರಿಪಾಠ. ಮರೆವು ಬಂದಿತೆಂದು ಡೊನೆಪೆಜಿಲ್ ಎಂಬ ಔಷಧ ಆರಂಭವಾಗುತ್ತದೆ. ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧವಾದ್ದರಿಂದ ಕೆಲವರಿಗೆ ಮೂತ್ರದ ಅವಸರ ಹೆಚ್ಚುತ್ತದೆ. ಆ ಅವಸರವನ್ನು ಹೊಸ ಕಾಯಿಲೆ ಎಂದು ತಿಳಿದು ಇನ್ನೊಬ್ಬ ವೈದ್ಯರು ಅಸಿಟೈಲ್‌ಕೋಲಿನ್ ತಡೆಯುವ ಮಾತ್ರೆ ಬರೆಯುತ್ತಾರೆ. ಒಂದು ಕೈಯಲ್ಲಿ ದೀಪ ಹಚ್ಚಿ ಮತ್ತೊಂದು ಕೈಯಲ್ಲಿ ಆರಿಸಿದಂತಾಯಿತು. ಎರಡಕ್ಕೂ ಹಣ ತೆರುವವರು ಮಕ್ಕಳು, ಫಲ ಉಣ್ಣುವವರು ಹಿರಿಯರು.

ನಮ್ಮ ಭಕ್ತ ಸಮುದಾಯಕ್ಕೆ ವಿಶೇಷವಾಗಿ ಅನ್ವಯಿಸುವ ಎರಡು ಮಾತುಗಳಿವೆ. ನಾವು ಸಸ್ಯಾಹಾರಿಗಳು. ಬಿ12 ಎಂಬ ಜೀವಸತ್ವ ನಮಗೆ ದೊರೆಯುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಗಳಿಂದ. ಕಾಳುಕಡಿ ಸೊಪ್ಪುಗಳಲ್ಲಿ ಅದಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಸೇವಿಸುವ ಮೆಟ್‌ಫಾರ್ಮಿನ್ ಮತ್ತು ಎದೆಯುರಿಗೆಂದು ನಿತ್ಯ ಬೆಳಿಗ್ಗೆ ನುಂಗುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳು ಆಹಾರದಲ್ಲಿರುವ ಅಲ್ಪ ಬಿ12 ಕೂಡ ದೇಹಕ್ಕೆ ಸೇರದಂತೆ ಮಾಡುತ್ತವೆ. ಬಿ12 ಕೊರತೆಯಾದರೆ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಕುಂದುತ್ತದೆ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಬೇಗ ಗುರುತಿಸಿದರೆ ಬಿ12 ಚುಚ್ಚುಮದ್ದು ಇಲ್ಲವೆ ಮಾತ್ರೆಯಿಂದ ಬಹುಮಟ್ಟಿಗೆ ಸರಿಹೋಗುತ್ತದೆ. ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗಿಲ್ಲ.

ಎರಡನೆಯದು ಉಪವಾಸ. ಶಿವರಾತ್ರಿ ಮತ್ತು ಶ್ರಾವಣ ಸೋಮವಾರಗಳಂದು ಅನೇಕ ಹಿರಿಯರು ಆಹಾರ ಬಿಡುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಾರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆ ಸೇವಿಸುವವರು ಮತ್ತು ಇನ್ಸುಲಿನ್ ಪಡೆಯುವವರು ಹೀಗೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬೆವರುವುದು, ನಡುಗುವುದು, ತಡಬಡಿಸಿ ಮಾತನಾಡುವುದು ಇದರ ಲಕ್ಷಣ. ಇದನ್ನೂ ಜನ ಅರಳುಮರಳೆಂದು ತಿಳಿದು ಕೈಕಟ್ಟಿ ಕೂತದ್ದನ್ನು ಕಂಡಿದ್ದೇನೆ. ಪ್ರಜ್ಞೆ ಇರುವಾಗಲೇ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಸಬೇಕು, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ ಬದಲಿಸಿಕೊಳ್ಳಬೇಕು. ಕಾಯವನ್ನು ಬಳಲಿಸುವುದೇ ಭಕ್ತಿಯೆಂದು ನಮ್ಮ ಶರಣರು ಎಲ್ಲಿಯೂ ಬೋಧಿಸಲಿಲ್ಲ.

ಹಾಗೆಯೇ ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆಗಳಿಂದ ಕೆಲವು ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿದು ಗೊಂದಲ ಉಂಟಾಗುವುದುಂಟು. ಇದನ್ನೂ ರಕ್ತಪರೀಕ್ಷೆ ತೋರಿಸುತ್ತದೆ.

ಥಟ್ಟನೆ ನಿಲ್ಲಿಸುವುದು ತಪ್ಪು

ಇಷ್ಟನ್ನು ಓದಿ ಯಾರಾದರೂ ಇಂದೇ ಮನೆಯ ಮಾತ್ರೆಗಳನ್ನು ತಿಪ್ಪೆಗೆ ಎಸೆದರೆ ಈ ಲೇಖನದಿಂದ ಹಿತಕ್ಕಿಂತ ಅಹಿತವೇ ಹೆಚ್ಚಾದೀತು. ವರ್ಷಗಟ್ಟಲೆ ಸೇವಿಸಿದ ನಿದ್ರೆಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಿದ್ರೆ ಪೂರ್ತಿ ಕೆಡುತ್ತದೆ, ಕೈಕಾಲು ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಅಮಿಟ್ರಿಪ್ಟಿಲಿನ್ ಕೂಡ ಹಾಗೆಯೇ. ರಕ್ತದೊತ್ತಡ, ಸಕ್ಕರೆ, ಹೃದಯ, ಫಿಟ್ಸ್‌ನ ಮಾತ್ರೆಗಳನ್ನಂತೂ ಸ್ವಂತ ಬುದ್ಧಿಯಿಂದ ಮುಟ್ಟಲೇಬಾರದು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ಮಿದುಳನ್ನು ಕಾಯುವ ಕೆಲಸವೂ ಹೌದು.

ಎಲ್ಲ ಮರೆವಿಗೂ ಮಾತ್ರೆಯೇ ಕಾರಣವೆಂಬುದೂ ನನ್ನ ವಾದವಲ್ಲ. ಡಿಮೆನ್ಷಿಯಾ ನಿಜವಾದ ಕಾಯಿಲೆ. ಅದು ಸಾಮಾನ್ಯವಾಗಿ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಚೆನ್ನಾಗಿದ್ದವರು ನಾಲ್ಕೈದು ದಿನಗಳಲ್ಲಿ ಗೊಂದಲಗೊಂಡು, ಒಂದು ಗಳಿಗೆ ಸರಿಯಿದ್ದು ಮತ್ತೊಂದು ಗಳಿಗೆ ಬಡಬಡಿಸಿದರೆ ಅದು ಹಳಬರು ಸನ್ನಿ ಎನ್ನುತ್ತಿದ್ದ ಸ್ಥಿತಿ. ಸೋಂಕು, ನಿರ್ಜಲತೆ, ಹೊಸದಾಗಿ ಸೇರಿದ ಔಷಧ ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಾಗಿರಬಹುದು. ಅದಕ್ಕೆ ಅಂದೇ ಚಿಕಿತ್ಸೆ ಬೇಕು. ಡಿಮೆನ್ಷಿಯಾ ಇರುವವರಲ್ಲಿಯೂ ಅನಗತ್ಯ ಮಾತ್ರೆ ಕಳೆದರೆ ಉಳಿದ ಬುದ್ಧಿಯಾದರೂ ತಿಳಿಯಾಗುತ್ತದೆ.

ಯಾರ ಹೊಣೆ?

ಮೊದಲ ಹೊಣೆ ವೈದ್ಯರದು. ಮಾತ್ರೆ ಆರಂಭಿಸುವಾಗಲೇ ಅದನ್ನು ಯಾವಾಗ ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆಯಬೇಕು. ನಿಲ್ಲಿಸುವುದೂ ಚಿಕಿತ್ಸೆಯೇ. ನಾನು ಬರೆದಿರಲಿಲ್ಲ, ಈಗ ಬರೆಯುತ್ತೇನೆ.

ಎರಡನೆಯದು ಔಷಧದಂಗಡಿಯವರದು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ನಿಯಮದ ಪ್ರಕಾರ ಆಲ್ಪ್ರಜೋಲಾಮ್, ಡೈಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಮುಂತಾದವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದಕ್ಕೆ ಪ್ರತ್ಯೇಕ ದಾಖಲೆಯನ್ನು ಮೂರು ವರ್ಷ ಇಡಬೇಕು. ಪೊಟ್ಟಣದ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿಸಿರಬೇಕು. ಆದರೂ ಹಳೆಯ ಖಾಲಿ ಪಟ್ಟಿಯನ್ನು ತೋರಿಸಿ ಹೊಸದನ್ನು ತರುವುದು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ತರುವವರು ನಾವು, ಕೊಡುವವರು ನಮ್ಮವರೇ. ಇದು ಕಾಯಕದ ನೈತಿಕತೆಯ ಪ್ರಶ್ನೆಯೂ ಹೌದು.

ಮೂರನೆಯದು ಮನೆಯವರದು. ಹಿರಿಯರು ಸೇವಿಸುವ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಬೇಕು. ಅಂಗಡಿಯಿಂದ ತಂದ ನೆಗಡಿ ಮಾತ್ರೆ, ಕೆಮ್ಮಿನ ಔಷಧ, ಚೂರ್ಣ, ಕಷಾಯ ಯಾವುದನ್ನೂ ಬಿಡಬಾರದು. ಆರು ತಿಂಗಳಿಗೊಮ್ಮೆ ಒಬ್ಬರೇ ವೈದ್ಯರ ಮುಂದೆ ಅದನ್ನು ಸುರಿದು ಮೂರು ಪ್ರಶ್ನೆ ಕೇಳಬೇಕು: ಇದು ಯಾವುದಕ್ಕೆ? ಇದು ಇನ್ನೂ ಬೇಕೆ? ಇದರಿಂದ ನೆನಪಿಗೆ ತೊಂದರೆಯಿದೆಯೆ? ವೈದ್ಯರನ್ನು ಹೀಗೆ ಕೇಳುವುದು ಉದ್ಧಟತನವಲ್ಲ. ಮರೆವು ಯಾವಾಗ ಆರಂಭವಾಯಿತು, ಆ ಸುಮಾರಿಗೆ ಯಾವ ಹೊಸ ಮಾತ್ರೆ ಸೇರಿತು ಎಂದು ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಓದಿ ತಿಳಿದ ಮಾತ್ರಕ್ಕೆ ಏನಾದೀತು ಎನ್ನುವವರಿಗೆ ಒಂದು ಉದಾಹರಣೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಬಹುಕಾಲದಿಂದ ನಿದ್ರೆಯ ಮಾತ್ರೆ ಸೇವಿಸುತ್ತಿದ್ದ 65 ದಾಟಿದ 303 ಹಿರಿಯರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರಿಗೆ ಮಾತ್ರೆಯ ಅಪಾಯವನ್ನೂ ಅದನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನೂ ಸರಳವಾಗಿ ತಿಳಿಸುವ ಕಿರುಪುಸ್ತಿಕೆ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಆರು ತಿಂಗಳ ನಂತರ ಪುಸ್ತಿಕೆ ಪಡೆದವರಲ್ಲಿ ಶೇಕಡಾ 27 ಮಂದಿ ಮಾತ್ರೆಯನ್ನು ಪೂರ್ತಿ ಬಿಟ್ಟಿದ್ದರು. ಪಡೆಯದವರಲ್ಲಿ ಶೇಕಡಾ 5 ಮಂದಿ. ಹಿರಿಯರಿಗೆ ಏನೂ ತಿಳಿಯದೆಂದು ನಾವೇ ತೀರ್ಮಾನಿಸುವುದು ತಪ್ಪೆಂದು ಇದು ತೋರಿಸುತ್ತದೆ.

ನಾಲ್ಕನೆಯದಾಗಿ, ಪೂಜ್ಯರಲ್ಲಿ ಮತ್ತು ಮಠದ ಕಾರ್ಯಕರ್ತರಲ್ಲಿ ಒಂದು ವಿನಂತಿ. ಜಾತ್ರೆಯ ಸಂದರ್ಭದಲ್ಲಿ ನಡೆಯುವ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಇರಲಿ. ಅಲ್ಲಿ ಹೊಸ ಮಾತ್ರೆ ಕೊಡುವುದು ಬೇಡ, ಇರುವ ಮಾತ್ರೆಗಳನ್ನು ನೋಡಿ ಪಟ್ಟಿ ಬರೆದುಕೊಟ್ಟರೆ ಸಾಕು. ಆ ಪಟ್ಟಿಯನ್ನು ಹಿಡಿದು ಅವರು ತಮ್ಮ ವೈದ್ಯರ ಬಳಿ ಹೋಗಲಿ. ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಸುವ ಮಠಕ್ಕೆ ಇದು ದೊಡ್ಡ ಹೊರೆಯಲ್ಲ.

ಆ ಶಿಕ್ಷಕರ ವಿಷಯಕ್ಕೆ ಬರುತ್ತೇನೆ. ನೆಗಡಿಯ ಮಾತ್ರೆಯನ್ನು ಅಂದೇ ನಿಲ್ಲಿಸಿದೆವು. ಮೂತ್ರದ ತಜ್ಞರೊಡನೆ ಮಾತನಾಡಿ, ಸಂಜೆಯ ಚಹಾ ಬಿಡಿಸಿ, ಹೊತ್ತು ಹೊತ್ತಿಗೆ ಮೂತ್ರಕ್ಕೆ ಹೋಗುವ ರೂಢಿ ಮಾಡಿಸಿ ಟೋಲ್ಟೆರೊಡಿನ್ ತೆಗೆದೆವು. ನಾನು ಬರೆದ ಮಾತ್ರೆಯನ್ನು ನಾನೇ ಇಳಿಸಿದೆ. ಆಲ್ಪ್ರಜೋಲಾಮ್ ಬಿಡಿಸಲು ನಾಲ್ಕು ತಿಂಗಳು ಬೇಕಾಯಿತು. ನಡುವೆ ಕೆಲವು ರಾತ್ರಿ ಅವರು ನಿದ್ರೆಯಿಲ್ಲದೆ ಒದ್ದಾಡಿದರು, ಸೊಸೆ ಜೊತೆಗೆ ಎಚ್ಚರವಿದ್ದರು. ಅವರು ಪೂರ್ತಿ ಮೊದಲಿನಂತಾದರೆಂದು ಹೇಳಲಾರೆ. ಹೆಸರುಗಳು ಈಗಲೂ ಒಮ್ಮೊಮ್ಮೆ ಕೈಕೊಡುತ್ತವೆ, ಅಂಗಾಲಿನ ಉರಿಯನ್ನು ಸ್ವಲ್ಪ ಸಹಿಸಿಕೊಂಡಿದ್ದಾರೆ. ಆದರೆ ಮೊಮ್ಮಗನನ್ನು ಮೊಮ್ಮಗನೆಂದೇ ಕರೆಯುತ್ತಾರೆ, ಪೂಜೆಗೆ ಒಬ್ಬರೇ ಕೂರುತ್ತಾರೆ, ಮುಗಿದ ಮೇಲೆ ಮುಗಿಯಿತೆಂದು ಏಳುತ್ತಾರೆ.

ಅರಿವಿಗೆ ಗುರುವಿನ ಸ್ಥಾನ ಕೊಟ್ಟ ಪರಂಪರೆ ನಮ್ಮದು. ಹಿರಿಯರೊಬ್ಬರ ಅರಿವು ಮಸುಕಾದಾಗ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಆ ಗುರುವಿಗೆ ಮಾಡುವ ಅವಜ್ಞೆ. ಬರುವ ಸೋಮವಾರದ ಪೂಜೆ ಮುಗಿದ ಮೇಲೆ ಪ್ರತಿಯೊಬ್ಬರೂ ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಮಾತ್ರೆಗಳ ಚೀಲವನ್ನು ಬಿಚ್ಚಿ, ಒಂದೊಂದನ್ನೂ ಕೈಗೆತ್ತಿಕೊಂಡು ‘ಇದು ಯಾವುದಕ್ಕಪ್ಪಾ?’, ‘ಇದು ಯಾವುದಕ್ಕವ್ವಾ?’ ಎಂದು ಕೇಳಿರಿ. ಉತ್ತರ ಸಿಗದ ಮಾತ್ರೆಗಳನ್ನು ಗುರುತು ಹಾಕಿಕೊಂಡು ವೈದ್ಯರ ಬಳಿಗೆ ಒಯ್ಯಿರಿ.